ಹಾರ ತುರಾಯಿಗಳ ವಾರ

ಹಲವಾಗಲಿನಂಥ ಹೊಳೆದಂಡೆಯ ಊರಿಗೆ ಜನಪ್ರತಿನಿಧಿಯ ಮೋಟಾರು ಬಂದರೆ ಏಕೆ ಬಂತೆಂದು ಯಾರೂ ಕೇಳಬೇಕಾಗಿಲ್ಲ. ಸೋಮವಾರ ಸಮುದಾಯ ಭವನಕ್ಕೆ ಶಂಕುಸ್ಥಾಪನೆ. ಮಂಗಳವಾರ ಸಾವಿನ ಮನೆಯಲ್ಲಿ ಸಾಂತ್ವನ, ಅಲ್ಲಿಂದ ಕುಬಸದ ಮನೆಯಲ್ಲಿ ಊಟ. ಬುಧವಾರ ಸಾಮೂಹಿಕ ವಿವಾಹ. ಗುರುವಾರ ಶಾಲೆಯ ವಾರ್ಷಿಕೋತ್ಸವ, ಸಂಜೆ ಜಾತಿ ಸಂಘದ ಸನ್ಮಾನ. ಶುಕ್ರವಾರ ಕಬಡ್ಡಿ ಪಂದ್ಯದ ಉದ್ಘಾಟನೆ. ಉಳಿದೆರಡು ದಿನ ಜಾತ್ರೆಗಳಿಗೆ ಮೀಸಲು. ಮಾಘದಲ್ಲಿ ಮೈಲಾರದ ಕಾರಣಿಕ, ಕೊಟ್ಟೂರಿನ ತೇರು, ಶಿವರಾತ್ರಿಯ ಹೊತ್ತಿಗೆ ಕುರುವತ್ತಿ. ಈ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಜಾತ್ರೆಗೆ ಬರವಿಲ್ಲ. ಇದು ಯಾರೋ ಒಬ್ಬ ಮಹಾಶಯರ ದಿನಚರಿಯಲ್ಲ. ಪಕ್ಷ ಯಾವುದಾದರೂ ವಾರ ಹೀಗೆಯೇ ಕಳೆಯುತ್ತದೆ. ಆದುದರಿಂದ ನಾವು ಯಾರ ಹೆಸರನ್ನೂ ಎತ್ತುವುದಿಲ್ಲ.

ಬಡವನ ಮನೆಯ ಸಾವಿಗೆ ಬಂದು ಕಣ್ಣೀರೊರೆಸುವುದು ತಪ್ಪೆಂದು ನಾವು ಹೇಳುವವರಲ್ಲ. ಉತ್ಸವವೇ ಬೇಡವೆನ್ನುವ ಒಣ ಜನವೂ ನಾವಲ್ಲ. ಹಂಪಿ ಉತ್ಸವಕ್ಕೆ ರೂಪ ಕೊಟ್ಟವರು ನಮ್ಮ ಹಡಗಲಿಯ ಎಂ. ಪಿ. ಪ್ರಕಾಶರೇ, ನಾಟಕವನ್ನೂ ರಾಜಕಾರಣವನ್ನೂ ಕಡೆಯವರೆಗೆ ಒಟ್ಟಿಗೆ ನಡೆಸಿದವರು ಅವರು. ನಮ್ಮ ತಕರಾರು ಬೇರೆ. ಈ ಏಳು ದಿನಗಳ ಖರ್ಚನ್ನು ಹೊರುವವರು ಯಾರು? ಈ ಏಳು ದಿನಗಳಲ್ಲಿ ಆಗದೆ ಉಳಿದ ಕೆಲಸ ಯಾವುದು?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಬಜಾರಿನ ಸಣ್ಣ ಅಂಗಡಿಕಾರನೇ ಹೇಳಬಲ್ಲ. ಕಾರ್ಯಕ್ರಮಕ್ಕೆ ಎಂಟು ದಿನ ಮುಂಚೆ ನಾಲ್ಕು ಜನ ಯುವಕರು ಬಂದು ಅಂಗಡಿಯ ಮುಂದೆ ನಿಲ್ಲುತ್ತಾರೆ. ರಸೀದಿ ಉಂಟೇ ಎಂದರೆ ಮುಗುಳ್ನಗುತ್ತಾರೆ. ಕಿರಾಣಿಯವನು ಸಕ್ಕರೆ ಕೊಡಬೇಕು, ಬಟ್ಟೆಯವನು ಶಾಲು ಕೊಡಬೇಕು, ಶಾಮಿಯಾನದವನು ಬಾಡಿಗೆಯ ಮಾತನ್ನೇ ಎತ್ತಬಾರದು. ಕೊಡದಿದ್ದರೆ? ನಾಳೆ ಅವನ ಲೈಸೆನ್ಸಿನ ಕಾಗದ ಪಂಚಾಯಿತಿಯ ಮೇಜಿನ ಮೇಲೆಯೇ ಕುಳಿತೀತೆಂಬ ಅಂಜಿಕೆ. ಇನ್ನು ಕೂಲಿಕಾರನು ಒಂದು ಪಾಳಿ ಬಿಟ್ಟು, ಒಂದು ದಿನದ ಹಾಜರಿ ಕಳೆದುಕೊಂಡು, ಬಿಸಿಲಲ್ಲಿ ಮೂರು ತಾಸು ಕುಳಿತು ಕೈತಟ್ಟಿ ಬರುತ್ತಾನೆ. ಹಾರದ ಖರ್ಚು ಒಬ್ಬನದು, ಚಪ್ಪಾಳೆಯ ಖರ್ಚು ಇನ್ನೊಬ್ಬನದು. ಕೊರಳು ಮಾತ್ರ ಮೂರನೆಯವರದು.

ಭವನಗಳ ಗೋಡೆಯಲ್ಲಿ ಕೂರಿಸುವ ಕಲ್ಲುಗಳ ಮಾತೂ ಇಷ್ಟೇ. ‘ಮಾನ್ಯರ ಅನುದಾನ’ ಎಂದು ಕೆತ್ತಿಸುತ್ತಾರೆ. ನಮ್ಮ ರಾಜ್ಯದಲ್ಲಿ ಶಾಸಕರ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಗೊತ್ತುಮಾಡಲಾಗಿದೆ. 1993ರಲ್ಲಿ ಆರಂಭವಾದ ಸಂಸದರ ನಿಧಿ 2011ರಿಂದ ವರ್ಷಕ್ಕೆ 5 ಕೋಟಿಗೆ ಏರಿತು. ಈ ಹಣ ಯಾರ ಜೇಬಿನದೂ ಅಲ್ಲ. ಪ್ರತಿನಿಧಿ ಶಿಫಾರಸು ಮಾಡಬಹುದು, ಮಂಜೂರು ಮಾಡುವುದು ಜಿಲ್ಲಾಡಳಿತ, ತುಂಬಿದವರು ಬೆಂಕಿಪೆಟ್ಟಿಗೆಗೂ ತೆರಿಗೆ ಕೊಡುವ ನೀವು. ನಿಮ್ಮ ಹಣಕ್ಕೆ ನಿಮ್ಮಿಂದಲೇ ಹಾರ ಹಾಕಿಸಿಕೊಳ್ಳುವ ವಿದ್ಯೆಗೆ ಜನಸೇವೆ ಎಂದು ಹೆಸರು!

ಆದರೆ ದೋಷವನ್ನೆಲ್ಲ ಒಬ್ಬರ ತಲೆಗೆ ಕಟ್ಟಿದರೆ ನ್ಯಾಯವಾಗದು. ಕೊಳಾಯಿ ಕೆಟ್ಟರೂ, ಪಿಂಚಣಿ ನಿಂತರೂ, ಸೇತುವೆ ಕುಸಿದರೂ ಜನ ಶಾಸಕರ ಬಾಗಿಲಿಗೇ ಏಕೆ ಹೋಗುತ್ತಾರೆ? ಬೇರೆ ಬಾಗಿಲುಗಳಿಗೆ ಬೀಗ ಬಿದ್ದಿದ್ದರಿಂದ. ಅಬ್ದುಲ್ ನಜೀರ್ ಸಾಬರು 1983ರ ಕಾನೂನಿನಿಂದ ಅಧಿಕಾರವನ್ನು ಬೆಂಗಳೂರಿನಿಂದ ಜಿಲ್ಲೆಗೆ, ಮಂಡಲಕ್ಕೆ ಇಳಿಸಿದರು. 1987ರಲ್ಲಿ ಚುನಾವಣೆಯೂ ನಡೆಯಿತು. ಆ ನಾಡಿನಲ್ಲೇ 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿದ ಮೇಲೆ ವರ್ಷಗಳು ಉರುಳಿದರೂ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳು ಕುಳಿತರು. ಹರಪನಹಳ್ಳಿಯ ತಾಲ್ಲೂಕು ಪಂಚಾಯಿತಿಯಲ್ಲಿ ಪ್ರಶ್ನೆ ಕೇಳಲು ಹಲವಾಗಲಿನ ಸದಸ್ಯನೇ ಇಲ್ಲವೆಂದಾದಾಗ, ಮದುವೆಯ ಪಂಕ್ತಿಯಲ್ಲಿ ಶಾಸಕರ ಕಿವಿ ಹಿಡಿಯುವುದೊಂದೇ ದಾರಿ. ಈ ಬೀಗವನ್ನು ತೆಗೆಸಲು ಯಾವ ಪಕ್ಷದ ಶಾಸಕರಿಗೂ ಅವಸರವಿಲ್ಲ. ಏಕಿದ್ದೀತು? ಇದ್ದ ಒಂದೇ ಬಾಗಿಲು ತಮ್ಮದಾದರೆ ಅದರ ಮುಂದಿನ ಸಾಲು ಉದ್ದವಾಗಿಯೇ ಇರುತ್ತದೆ.

ಹರಪನಹಳ್ಳಿ ತಾಲ್ಲೂಕು 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಮೈಸೂರಿಗೆ ಬಂತು. 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ನಡುವೆ 371ಜೆ ಕಲಮು ಜಾರಿಗೆ ಬಂದಾಗ ದಾವಣಗೆರೆಯಲ್ಲಿದ್ದೆವೆಂಬ ಕಾರಣಕ್ಕೆ ನಮ್ಮ ಮಕ್ಕಳು ಮೀಸಲಾತಿಯಿಂದ ಹೊರಗುಳಿದರು. ಆ ಹಕ್ಕು ಬಂದದ್ದು ಸೀಮಂತ, ಸನ್ಮಾನಗಳಿಂದಲ್ಲ. ಜನ ಬೀದಿಗಿಳಿದು, ಸದನದಲ್ಲಿ ಮಾತೆತ್ತಿಸಿದ್ದರಿಂದ. ಸದನದ ಮಾತು ಬಂದಿತೆಂದು ಹೇಳುತ್ತೇವೆ: ವರ್ಷಕ್ಕೆ 60 ದಿನವಾದರೂ ವಿಧಾನಮಂಡಲ ಸೇರಬೇಕೆಂದು 2005ರಲ್ಲಿ ತಾವೇ ಕಾನೂನು ಮಾಡಿದರು. ಅಷ್ಟು ದಿನ ಕುಳಿತ ವರ್ಷಗಳು ಅಪರೂಪ.

ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರದ ಕಡೆಯಿಂದ ಆರಿಸಿಬಂದಾಗ ಮತವನ್ನೂ ಚುನಾವಣೆಯ ಖರ್ಚಿನ ಕಾಸನ್ನೂ ಜನರಿಂದಲೇ ಕೇಳಿ ಪಡೆದರು. ಅದಕ್ಕೆ ಹಿಂದಿನ ವರ್ಷ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿ ಅವರೊಂದಿಗೆ ನಿಂತಿದ್ದರು. ಕಾಸು ಕೊಟ್ಟ ಗೇಣಿದಾರ ಲೆಕ್ಕ ಕೇಳುತ್ತಾನೆ. ಊಟ ಹಾಕಿಸಿಕೊಂಡವನು ಕೇಳಲಾರ.

ಆದ್ದರಿಂದ ಕೆಲವು ಸಣ್ಣ ಕೋರಿಕೆಗಳು. ವಾರದಲ್ಲಿ ಒಂದು ದಿನ, ಅದೂ ಸಂತೆಯ ದಿನ, ಪ್ರತಿನಿಧಿಗಳು ಅಧಿಕಾರಿಗಳೊಂದಿಗೆ ತಾಲ್ಲೂಕು ಕಚೇರಿಯಲ್ಲಿ ಹಾರವಿಲ್ಲದೆ ಕುಳಿತುಕೊಳ್ಳಲಿ. ಗ್ರಾಮಸಭೆಗೆ ಬಂದು, ಭಾಷಣ ಮಾಡದೆ, ಕೇಳಿಕೊಂಡು ಹೋಗಲಿ. ವರ್ತಕ ಬಂಧುಗಳು ರಸೀದಿಯಿಲ್ಲದ ಚಂದಾ ಕೊಡುವುದಿಲ್ಲವೆಂದು ಒಟ್ಟಾಗಿ ಗೊತ್ತುಮಾಡಿಕೊಳ್ಳಲಿ. ಒಬ್ಬೊಬ್ಬರೇ ಹೇಳಿದರೆ ನಡೆಯದು. ನಮ್ಮ ಪಾಲಿಗೆ, ಸನ್ಮಾನದ ವರದಿಗಳಿಗೆ ಈ ಪತ್ರಿಕೆಯಲ್ಲಿ ಇನ್ನು ಎರಡು ಸಾಲಿಗಿಂತ ಹೆಚ್ಚು ಜಾಗವಿರುವುದಿಲ್ಲ. ಗ್ರಾಮಸಭೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದಕ್ಕೆ ಮೊದಲ ಪುಟವಿದೆ. ಹಲವಾಗಲು ಕಡೆಯ ವಾಚಕರು ತಮ್ಮ ಮುಂದಿನ ಸಭೆಯ ತಾರೀಖನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಬೇಕಾಗಿ ಕೋರುತ್ತೇವೆ.