ಗಣಕಲೋಕ: ಕೆರೆಗೊಂದು ಪಟ್ಟಿ

ಕೋಲಾರ ಚಿನ್ನದ ಗಣಿಯ ಊರುಗಳಿಗೆ ಬಹುಕಾಲ ನೀರೆರೆದುದು ಬೇತಮಂಗಲದ ಕೆರೆ. ಗಣಿಗಳು 2001ರಲ್ಲಿ ಮುಚ್ಚಿದರೂ ಅಲ್ಲಿಯ ಜನವಸತಿ ಉಳಿದಿದೆ. ನೀರಿನ ಚಿಂತೆಯೂ ಉಳಿದಿದೆ. ಅದೇ ಪಾಲಾರ್ ನದಿಯ ಪಾತ್ರದಲ್ಲಿ ರಾಮಸಾಗರದ ಕೆರೆಯೂ ಉಂಟು. ಈ ಎರಡು ಕೆರೆಗಳ ನೀರಿನ ಮಟ್ಟವನ್ನು ದಿನದಿನವೂ ಗಣಕಯಂತ್ರದಲ್ಲಿ ಬರೆದಿಡಬೇಕಾಗಿದೆಯೆಂದು ಭಾವಿಸೋಣ.

ಮೈಕ್ರೋಸಾಫ್ಟ್ ಸಂಸ್ಥೆ 2006ರಲ್ಲಿ ಹೊರತಂದ ಪವರ್‌ಶೆಲ್ ಇಂಥ ಕೆಲಸಕ್ಕೆ ಒದಗುತ್ತದೆ. ಒಂದರ ಕೆಳಗೊಂದಾಗಿ ಬರೆದಿಟ್ಟ ಆಜ್ಞೆಗಳನ್ನು ಗಣಕವು ತಾನೇ ನಡೆಸಿಕೊಂಡು ಹೋಗುತ್ತದೆ. ಆ ಬರಹಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಅದರಲ್ಲಿ ನಮಗೆ ಬೇಕಾದ ವಸ್ತುವನ್ನು ನಾವೇ ರಚಿಸಿಕೊಳ್ಳಬಹುದು. ಕೆರೆಯೆಂಬ ವಸ್ತುವಿಗೆ ಹೆಸರು, ನದಿ, ಮಟ್ಟಗಳು ಎಂಬ ಮೂರು ಗುಣಗಳನ್ನು ಕೊಟ್ಟೆವೆನ್ನಿ. ಮೊದಲಿನ ಎರಡಕ್ಕೆ ಒಂದೊಂದು ಪದ ಸಾಕು. ಮೂರನೆಯದು ದಿನಕ್ಕೊಂದು ಅಂಕಿಯಂತೆ ಬೆಳೆಯತಕ್ಕದ್ದು.

ಇಲ್ಲಿ ಹಲವರು ಅರೇ ಎಂಬ ಸಾಲನ್ನು ಬಳಸುವುದುಂಟು. ಅದರ ಅಳತೆ ಹುಟ್ಟುವಾಗಲೇ ನಿಶ್ಚಿತವಾಗಿರುತ್ತದೆ. ಕೂಡುವ ಚಿಹ್ನೆಯೊಡನೆ ಸಮಚಿಹ್ನೆಯನ್ನು ಬರೆದರೆ ಹೊಸ ಅಂಕಿ ಸೇರಿಕೊಂಡಂತೆ ಕಾಣುತ್ತದೆ. ಆದರೆ ಒಳಗೆ, ಒಂದು ಮನೆ ಹೆಚ್ಚಾಗಿರುವ ಹೊಸ ಸಾಲು ಹುಟ್ಟಿ, ಹಳೆಯ ಅಂಕಿಗಳೆಲ್ಲ ಅದಕ್ಕೆ ನಕಲಾಗುತ್ತವೆ. ಮನೆಯ ಖರ್ಚು ಬರೆಯಲು ಪ್ರತಿದಿನವೂ ಹೊಸ ಪುಸ್ತಕ ತಂದು, ಹಿಂದಿನದನ್ನೆಲ್ಲ ಮತ್ತೆ ಬರೆದಂತಲ್ಲವೆ? ವರ್ಷದ 365 ಅಂಕಿಗಳಿಗೆ ಇಂಥ ನಕಲುಗಳು 66,430!

ಆದುದರಿಂದ ಮೂರನೆಯ ಗುಣದಲ್ಲಿ ಲಿಸ್ಟ್ ಎಂಬ ಹಿಗ್ಗುವ ಪಟ್ಟಿಯನ್ನಿಡುವುದು ಲೇಸು. ಆಡ್ ಎಂಬ ಆಜ್ಞೆಯಿಂದ ಅಂಕಿ ಸೇರುತ್ತದೆ. ಮೊದಲ ಅಂಕಿ ಬಂದೊಡನೆ ಪಟ್ಟಿಯು ನಾಲ್ಕು ಮನೆಗಳನ್ನು ಕಾದಿರಿಸುತ್ತದೆ. ಅವು ತುಂಬಿದಾಗ 8, ಬಳಿಕ 16, ಹೀಗೆ ಇಮ್ಮಡಿಸುತ್ತ ಹೋಗುತ್ತದೆ. 365 ಅಂಕಿಗಳಿಗೆ 508 ನಕಲುಗಳಲ್ಲಿ ಕೆಲಸ ಮುಗಿಯಿತು. ಪಟ್ಟಿಯನ್ನು ಡಬಲ್ ಎಂಬ ಜಾತಿಯದಾಗಿ ಮಾಡಿದರೆ ದಶಾಂಶಗಳು ಉಳಿಯುತ್ತವೆ. ಅಂಕಿಯ ಬದಲು "ತುಂಬಿದೆ" ಎಂದು ಬರೆದರೆ ಅದು ತಿರಸ್ಕರಿಸುತ್ತದೆ.

ಒಂದು ಎಚ್ಚರಿಕೆ ಅವಶ್ಯ. ವಸ್ತುವಿನ ಗುಣದಲ್ಲಿರುವುದು ಪಟ್ಟಿಯ ವಿಳಾಸವಷ್ಟೆ. ಒಂದೇ ಪಟ್ಟಿಯನ್ನು ಮಾಡಿ ಎರಡು ಕೆರೆಗಳಿಗೂ ಕೊಟ್ಟರೆ, ಬೇತಮಂಗಲದಲ್ಲಿ ಬರೆದ ಮಟ್ಟ ರಾಮಸಾಗರದಲ್ಲೂ ಕಾಣಿಸುತ್ತದೆ. ಒಂದು ಕೆರೆಯ ವಸ್ತುವನ್ನು ನಕಲು ಮಾಡಿ ಹೆಸರನ್ನು ಬದಲಿಸಿದರೂ ಫಲ ಅದೇ. ಗಣಕವು ಯಾವ ದೋಷವನ್ನೂ ಹೇಳುವುದಿಲ್ಲ. ಆ ಅಂಕಿಗಳನ್ನು ನಂಬಿ ನೀರು ಬಿಡುವವರ ಪಾಡೇನು? ಬತ್ತಿದ ಕೆರೆಯೂ ತುಂಬಿದಂತೆ ತೋರೀತು!

ಪರಿಹಾರ ಸುಲಭ. ಪ್ರತಿಯೊಂದು ಕೆರೆಯನ್ನು ರಚಿಸುವಾಗಲೂ ಅದಕ್ಕೆಂದೇ ಹೊಸ ಪಟ್ಟಿಯನ್ನು ಹುಟ್ಟಿಸಬೇಕು. ಅನಂತರ ಬೇತಮಂಗಲಕ್ಕೆ ಒಂದು ಅಂಕಿ ಸೇರಿಸಿ, ರಾಮಸಾಗರದ ಎಣಿಕೆಯನ್ನು ಕೇಳಿ ನೋಡಿರಿ. ಸೊನ್ನೆಯೆಂದು ಉತ್ತರ ಬಂದರೆ ಮುಂದಿನ ಬರಹವನ್ನು ಧೈರ್ಯವಾಗಿ ಆರಂಭಿಸಬಹುದು.