ಹೊಳೆ ದಾಟುವ ಮುನ್ನ



ಕಳೆದ ತಿಂಗಳು ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಸಂಜೆಯ ವೇಳೆ ಬಂದು, "ಗುರುಗಳ, ಕುರುಗಡ್ಡಿಗೆ ಹೋಗಿ ದರ್ಶನ ಮಾಡಿಕೊಂಡು ಬರಬೇಕಂತ ಮಾಡೀವಿ. ಸಣ್ಣ ಹುಡುಗರನ್ನ ಹರಿಗೋಲಿನ್ಯಾಗ ಕೂಡಿಸಬಹುದೇನ್ರಿ?" ಎಂದು ಕೇಳಿದರು. ಕೂಡಿಸಬಹುದು ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಲು ನಮ್ಮ ಮನಸ್ಸು ಒಪ್ಪಲಿಲ್ಲ. ಬೇಡವೆನ್ನಲು ಬಾಯಿಯೂ ಬರಲಿಲ್ಲ. ಇದಕ್ಕೆ ಕಾರಣವಾದ ಹಳೆಯ ಸಂಗತಿಯೊಂದುಂಟು. ಅದನ್ನು ಮುಂದೆ ಅರಿಕೆ ಮಾಡುವೆವು. ಆ ತಾಯಿಯ ಪ್ರಶ್ನೆ ನಮ್ಮ ಸೀಮೆಯ ಅನೇಕ ಸಂಸಾರಗಳ ಪ್ರಶ್ನೆಯೂ ಆಗಿರುವುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಾಗಿಟ್ಟಿದ್ದೇವೆ.

ನಮ್ಮ ಅರಕೇರಾ ಹೊಳೆಯ ದಂಡೆಯ ಮೇಲಿನ ಊರಲ್ಲ. ಆದರೂ ನಮ್ಮ ಸೀಮೆ ಹೊಳೆಯ ಹಂಗಿನದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಭೂಮಿಯನ್ನು ಪೂರ್ವಿಕರು ಎಡೆದೊರೆನಾಡು ಎಂದು ಕರೆದರು. ದೊರೆಯೆಂದರೆ ಇಲ್ಲಿ ಅರಸನಲ್ಲ, ನದಿ. ಎರಡು ನದಿಗಳ ನಡುವೆ ಬಾಳುವವರಿಗೆ ಬಂಧುಗಳು ಆಚೆಯ ದಡದಲ್ಲಿರುವುದು ಸಹಜ. ಹೊಲ ನಡುಗಡ್ಡೆಯಲ್ಲಿರುವುದೂ ಉಂಟು. ಸೇತುವೆಗಳು ಬಂದ ಮೇಲೂ ಹರಿಗೋಲು ನಮ್ಮನ್ನು ಬಿಟ್ಟು ಹೋಗಲಿಲ್ಲ. ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ನಡುವಿರುವ ಕುರವಪುರಕ್ಕೆ, ಎಂದರೆ ಜನರು ಕುರುಗಡ್ಡೆಯೆನ್ನುವ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರಕ್ಕೆ, ಈ ಬಿದಿರಿನ ಬುಟ್ಟಿಯಲ್ಲಿ ಕುಳಿತು ದಾಟಿದ ಯಾತ್ರಿಕರಿಗೆ ಲೆಕ್ಕವುಂಟೆ?

ಬುಟ್ಟಿಯೆಂದು ನಾವು ಹಗುರಾಗಿ ಅಂದೆವು. ಆದರೆ ಈ ವಾಹನದ ವಂಶಾವಳಿ ಸಾಮಾನ್ಯವಾದುದಲ್ಲ. ಅಮರಕೋಶದ ವಾರಿವರ್ಗದಲ್ಲಿ ಉಡುಪ, ಪ್ಲವ, ಕೋಲ ಎಂಬ ಮೂರು ಪದಗಳು ಸಣ್ಣ ತೆಪ್ಪಕ್ಕೆ ಹೇಳಲ್ಪಟ್ಟಿವೆ. ಕಾಳಿದಾಸನು ರಘುವಂಶದ ಮೊದಲಿಗೇ ತನ್ನ ಸಾಹಸವನ್ನು ಉಡುಪದಿಂದ ಸಮುದ್ರವನ್ನು ದಾಟುವ ಹಂಬಲಕ್ಕೆ ಹೋಲಿಸಿಕೊಂಡನು. ಅಲ್ಲಿ ವ್ಯಾಖ್ಯಾನಕಾರನಾದ ಮಲ್ಲಿನಾಥನು ಉಡುಪವೆಂದರೆ ಚರ್ಮದಿಂದ ಬಿಗಿದ ನಾವೆಯೂ ಆಗಬಹುದೆಂದು ಅರ್ಥ ಬರೆದಿದ್ದಾನೆ. ಚರ್ಮ ಬಿಗಿದ ನಾವೆ ನಮ್ಮ ಹರಿಗೋಲಲ್ಲದೆ ಮತ್ತೇನು? ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಕಡೆಗೆ ಜನರು ದಾಟುತ್ತಿದ್ದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರುವಷ್ಟು ಬಲ. ನೇರವಾಗಿ ಸಾಗಲಾರದೆ ಸದಾ ಸುತ್ತುವ ಸ್ವಭಾವ. ಅವನಿಗೂ ಬಹುಪೂರ್ವದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬಾಬಿಲೋನಿನ ನದಿಯಲ್ಲಿ ಇಂಥವೇ ತೊಗಲಿನ ದುಂಡು ದೋಣಿಗಳಿದ್ದುದನ್ನು ಬರೆದಿಟ್ಟಿದ್ದಾನೆ.

ಇನ್ನು ಇದರ ರಚನೆಯನ್ನು ವಿಚಾರಿಸೋಣ. ಬಿದಿರನ್ನು ಸೀಳಿ ಜಾಲರಿಯಂತೆ ಹೆಣೆದು ತಳವನ್ನು ಮಾಡುತ್ತಾರೆ. ಅಂಚನ್ನು ಮಾತ್ರ ದಪ್ಪನಾಗಿ, ಹಲವು ಸೀಳುಗಳನ್ನು ಒತ್ತಾಗಿ ಸುತ್ತಿ, ಬಿಗಿಯುತ್ತಾರೆ; ನಾವೆಯ ಪ್ರಾಣವೇ ಆ ಅಂಚು. ಹಿಂದೆ ಇದರ ಮೇಲೆ ತೊಗಲನ್ನು ಹೊಲಿಯುತ್ತಿದ್ದರು. ಈಗ ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ಕಿನ ಹಾಳೆ, ಗೊಬ್ಬರದ ಚೀಲಗಳು ಬಂದಿವೆ. ಅವುಗಳ ಮೇಲೆ ಡಾಂಬರನ್ನು ಕಾಯಿಸಿ ಬಳಿಯುತ್ತಾರೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ಇದು ತೇಲುತ್ತದೆ. ಬಂಡೆಗೆ ತಾಗಿದರೆ ಮರದ ದೋಣಿ ಒಡೆದೀತು. ಬಿದಿರು ಬಳುಕಿ ಪಾರಾಗುತ್ತದೆ. ನಮ್ಮ ಕಲ್ಲುಬಂಡೆಗಳ ಹೊಳೆಗೆ ಇಂಥ ನಾವೆಯೇ ಉಚಿತವೆಂದು ಹಿರಿಯರು ಆರಿಸಿದ್ದು ಸುಮ್ಮನೆ ಅಲ್ಲ.

ಆದರೆ ಬಳುಕುವ ವಸ್ತುವಿಗೆ ಆರೈಕೆ ಹೆಚ್ಚು. ಕೆಲಸ ಮುಗಿದೊಡನೆ ಅಂಬಿಗನು ಅದನ್ನು ದಡಕ್ಕೆಳೆದು ಬೋರಲಾಗಿಟ್ಟು ಒಣಗಿಸುತ್ತಾನೆ. ನೀರಿನಲ್ಲಿಯೇ ಬಿಟ್ಟರೆ ಬಿದಿರು ಕೊಳೆಯುತ್ತದೆ. ಸದಾ ಬಿಸಿಲಿನಲ್ಲಿ ಬಿಟ್ಟರೆ ಡಾಂಬರು ಬಿರುಕು ಬಿಡುತ್ತದೆ. ಹೀಗೆ ನೆರಳು ಬಿಸಿಲುಗಳ ಹದವನ್ನು ತಿಳಿದವನೇ ಅಂಬಿಗ. ಸಾವಿರಾರು ಮೈಲಿ ದೂರದ ಇಂಗ್ಲೆಂಡಿನಲ್ಲಿಯೂ ಇದೇ ನ್ಯಾಯ. ಅಲ್ಲಿನ ಹಳೆಯ ಕಾಲುವೆಗಳಲ್ಲಿ ಏಳಡಿ ಅಗಲದ, ಕೆಲವು ಎಪ್ಪತ್ತಡಿಯಷ್ಟು ಉದ್ದದ ದೋಣಿಗಳಲ್ಲಿ ಸಂಸಾರ ಹೂಡಿ ಬಾಳುವವರಿದ್ದಾರೆ. ಅವರೂ ಎರಡು ಮೂರು ವರ್ಷಗಳಿಗೊಮ್ಮೆ ದೋಣಿಯನ್ನು ನೀರಿನಿಂದೆತ್ತಿ ಅದರ ಕಬ್ಬಿಣದ ಹೊಟ್ಟೆಗೆ ಡಾಂಬರಿನಂಥ ಕರಿಯ ಲೇಪವನ್ನು ಬಳಿಯುತ್ತಾರೆ. ಮುಚ್ಚಿದ ಕೋಣೆಯಲ್ಲಿ ಒಲೆಯುರಿಸಿದರೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷವಾಯು ತುಂಬೀತೆಂಬ ಭಯ ಅವರದು. ಅಂಚಿನ ಮೇಲಿಂದ ನೀರು ನುಗ್ಗೀತೆಂಬ ಭಯ ನಮ್ಮದು. ನೀರಿನ ಮೇಲಿರುವವನಿಗೆ ಅಲಕ್ಷ್ಯವೆಂಬುದು ಎಲ್ಲಿಯೂ ಸಲ್ಲದು.

ಈಗ ನಮ್ಮ ಅರಿಕೆ. ನಮ್ಮ ಉದ್ಯೋಗದ ಆರಂಭದ ವರ್ಷಗಳಲ್ಲಿ ಹೊಳೆಯ ದಂಡೆಯ ಒಂದು ಶಾಲೆಯಲ್ಲಿ ನಾವು ಉಪಾಧ್ಯಾಯರಾಗಿದ್ದೆವು. ಒಂದು ದಿನ ಆಚೆಯ ದಡದಲ್ಲಿ ನಡೆಯಲಿದ್ದ ಆಟೋಟಗಳಿಗೆ ಮಕ್ಕಳನ್ನು ಕರೆದೊಯ್ಯಬೇಕಾಗಿತ್ತು. ವೃದ್ಧನಾದ ಅಂಬಿಗನು ತಲೆಗಳನ್ನೆಣಿಸಿ, ಎರಡು ಸಲಕ್ಕೆ ದಾಟಿಸುವೆನೆಂದನು. ನಮಗೋ ವೇಳೆಯ ಆತುರ. "ಸಣ್ಣ ಹುಡುಗರು ತಾತಾ, ಎಷ್ಟು ಭಾರ ಆದಾರು?" ಎಂದು ಎಲ್ಲರನ್ನೂ ಒಂದೇ ಸಲಕ್ಕೆ ಹತ್ತಿಸಿದೆವು. ಮಾಸ್ತರರ ಮಾತನ್ನು ಮೀರಲಾರದೆ ಅವನು ಸುಮ್ಮನಾದನು. ನಡುಹೊಳೆಯಲ್ಲಿ ಇಬ್ಬರು ಹುಡುಗರು ನೀರೆರಚಾಟಕ್ಕೆ ತೊಡಗಿದರು. ಗದರಿಸಲೆಂದು ನಾವು ಎದ್ದು ನಿಂತೆವು. ನಿಂತುದೇ ತಡ, ಹರಿಗೋಲು ನಮ್ಮ ಕಡೆಗೆ ವಾಲಿತು; ಅಂಚಿನ ಮೇಲಿಂದ ನೀರು ಒಳಗೆ ಹರಿಯಿತು; ಮಕ್ಕಳೆಲ್ಲ ಕೂಗುತ್ತ ಒಂದೇ ಮಗ್ಗುಲಿಗೆ ಸರಿದರು. "ಕುಂದ್ರ್ರಿ ಮಾಸ್ತರ! ಹುಡುಗರೇ, ಯಾರೂ ಮಿಸುಕಬ್ಯಾಡ್ರಿ!" ಎಂದು ಅಂಬಿಗನು ಗರ್ಜಿಸಿದನು. ನಾವು ಕುಸಿದು ಕುಳಿತೆವು. ಅವನು ತನ್ನ ಮೈಭಾರವನ್ನು ಎದುರಿನ ಅಂಚಿಗೆ ಹಾಕಿ ನಾವೆಯನ್ನು ಸಮಮಾಡಿದನು. ಮಕ್ಕಳು ಬುತ್ತಿಯ ಡಬ್ಬಿಗಳಿಂದ ನೀರನ್ನು ಮೊಗೆದು ಚೆಲ್ಲಿದರು. ದಡ ಸೇರಿದಾಗ ನಮ್ಮ ಕೈಕಾಲುಗಳು ನಡುಗುತ್ತಿದ್ದುವು.

ಅವನು ಸಿಟ್ಟಾಗಲಿಲ್ಲ. ಹುಟ್ಟನ್ನು ಮರಳಿನಲ್ಲಿ ಊರಿ, "ಸಾಲ್ಯಾಗ ನಿಮ್ಮ ಮಾತು ನಡೀತದ್ರಿ ಸರ. ಹೊಳ್ಯಾಗ ನೀರಿನ ಮಾತು ನಡೀತದ" ಎಂದನು. ಹಿಂದಿರುಗುವಾಗ ನಾವು ಎರಡು ಸಲಕ್ಕೆ ದಾಟಿದೆವು. ಕೊನೆಯ ಮಗು ದಡಕ್ಕೆ ಇಳಿಯುವವರೆಗೆ ತಲೆಗಳನ್ನೆಣಿಸುತ್ತಿದ್ದ ಆ ಸಂಜೆಯನ್ನು ನಾವು ಇಂದಿಗೂ ಮರೆತಿಲ್ಲ. ತಪ್ಪು ಹೊಳೆಯದಲ್ಲ, ಹರಿಗೋಲಿನದಲ್ಲ, ಅಂಬಿಗನದಲ್ಲ, ನಮ್ಮದು.

ಆದಕಾರಣ ನಮ್ಮ ನೆರೆಮನೆಯ ತಾಯಿಗೆ ನಾವು ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತೇವೆ. ಹತ್ತುವ ಮುನ್ನ ಹರಿಗೋಲಿನ ಒಳತಳವನ್ನು ನೋಡಿರಿ. ನೀರು ಜಿನುಗುತ್ತಿದ್ದರೆ, ಅಂಚಿನ ಕಟ್ಟು ಸಡಿಲವಾಗಿದ್ದರೆ ಹತ್ತಬೇಡಿರಿ. ಎಲ್ಲರೂ ಕುಳಿತ ಮೇಲೆ ನೀರಿಗೂ ಅಂಚಿಗೂ ನಡುವೆ ಒಂದು ಗೇಣಾದರೂ ತೆರಪಿಲ್ಲದಿದ್ದರೆ ನಾಚಿಕೆಪಡದೆ ಇಳಿಯಿರಿ. ಒಬ್ಬೊಬ್ಬರಾಗಿ ನಡುವಿಗೆ ಕಾಲಿಟ್ಟು ಹತ್ತಿರಿ, ತಳದಲ್ಲಿಯೇ ಕುಳಿತುಕೊಳ್ಳಿರಿ, ಭಾರವನ್ನು ಸುತ್ತಲೂ ಸಮವಾಗಿ ಹಂಚಿರಿ. ದಡ ಮುಟ್ಟುವವರೆಗೆ ಯಾರೂ ಏಳಕೂಡದು. ಚಿತ್ರ ತೆಗೆಯುವ ಮೋಹದಿಂದ ಎಲ್ಲರೂ ಒಂದೇ ಮಗ್ಗುಲಿಗೆ ಸರಿಯಲೂ ಕೂಡದು. ತೇಲುವ ಅಂಗಿ, ಎಂದರೆ ಲೈಫ್ ಜಾಕೆಟ್, ಪ್ರತಿಯೊಬ್ಬರ ಮೈಮೇಲಿರಬೇಕು. ಕಾಲಬುಡದಲ್ಲಿ ಬಿದ್ದಿರುವ ಅಂಗಿ ಯಾರನ್ನೂ ತೇಲಿಸದು. ಮಗುವಿನ ಅಳತೆಯದೇ ಮಗುವಿಗೆ ಬೇಕು. ಮಗುವನ್ನು ಸೀರೆಯ ಸೆರಗಿನಿಂದ ತಾಯಿಯ ಮೈಗೆ ಕಟ್ಟಿಕೊಳ್ಳುವ ರೂಢಿ ಕೆಲವರಲ್ಲುಂಟು. ಅದು ಪ್ರೇಮದಿಂದ ಮಾಡುವ ಅಪಾಯ. ನಾವೆ ಮಗುಚಿದರೆ ಇಬ್ಬರೂ ಬಿಡಿಸಿಕೊಳ್ಳಲಾರರು. ಕತ್ತಲಾದ ಮೇಲೆ, ಬಿರುಗಾಳಿಯಲ್ಲಿ, ಅಂಬಿಗನು ಕುಡಿದಿರುವಾಗ ಹರಿಗೋಲು ಹತ್ತುವುದು ಬೇಡವೇ ಬೇಡ.

ಇವೆಲ್ಲಕ್ಕಿಂತ ಮಿಗಿಲಾದ ಮಾತೊಂದುಂಟು. ನಮ್ಮ ಊರಲ್ಲಿ ಮಳೆಯಿಲ್ಲವೆಂದು ಹೊಳೆಯನ್ನು ನಂಬಬಾರದು. ಮಳೆ ಬೀಳುವುದು ದೂರದ ಸಹ್ಯಾದ್ರಿಯಲ್ಲಿ. ನೀರು ಬರುವುದು ಆಲಮಟ್ಟಿ, ನಾರಾಯಣಪುರಗಳ ಬಾಗಿಲುಗಳಿಂದ. ಸುಡುಬಿಸಿಲಿನಲ್ಲಿಯೇ ಹೊಳೆ ಏರುತ್ತದೆ. ಒಂದು ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 28 ಲೀಟರು. ಒಂದು ಲಕ್ಷ ಕ್ಯುಸೆಕ್ ಬಿಟ್ಟರೆಂದು ಪತ್ರಿಕೆಯಲ್ಲಿ ಓದಿದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ 28 ಲಕ್ಷ ಲೀಟರು ಹರಿದುಹೋಯಿತೆಂದು ತಿಳಿಯಿರಿ. 2019ರ ಆಗಸ್ಟಿನ ಪ್ರವಾಹದಲ್ಲಿ ದೇವದುರ್ಗದ ಕಡೆಯ ಹೂವಿನಹೆಡಗಿ ಸೇತುವೆಯೇ ನೀರಿನಡಿಯಾಯಿತು. ಮರುವರ್ಷ, 2020ರ ಆಗಸ್ಟಿನಲ್ಲಿ, ನಡುಗಡ್ಡೆಯ ಊರಾದ ಕುರ್ವಕಲಾಕ್ಕೆ ಜನರನ್ನು ಹೊತ್ತು ಹೊರಟ ಹರಿಗೋಲು ತುಂಬಿದ ಕೃಷ್ಣೆಯಲ್ಲಿ ಮಗುಚಿ ನಾಲ್ವರು ನೀರುಪಾಲಾದರು. ಅವರು ಮೋಜಿಗೆ ಹೊರಟವರಲ್ಲ, ಮನೆ ಸೇರಲು ಹೊರಟವರು. ಹೊಳೆ ಬರುತ್ತದೆಂದು ಡಂಗುರ ಹೊಡೆದ ದಿನ ಯಾತ್ರೆಯನ್ನು ಮುಂದಕ್ಕೆ ಹಾಕಿದರೆ ದೇವರೇನೂ ಮುನಿಯುವುದಿಲ್ಲ. ನಮ್ಮ ಹೊಲಗಳಿಗೆ ಬರುವ ಕಾಲುವೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಇಳಿಜಾರಾದ ಗಾರೆಯ ಗೋಡೆಗೆ ಪಾಚಿ ಕಟ್ಟಿರುತ್ತದೆ, ಬಟ್ಟೆ ಒಗೆಯಲು ಇಳಿದವರಿಗೆ ಹಿಡಿಯಲು ಏನೂ ಸಿಕ್ಕದು.

ಯಾರಾದರೂ ನೀರಿಗೆ ಬಿದ್ದರೆ ಈಜು ಬಾರದವರು ಹಿಂದೆಯೇ ಧುಮುಕಬೇಡಿರಿ. ಹಗ್ಗ, ಸೀರೆ, ಉದ್ದ ಕೋಲು, ಬಾಯಿ ಮುಚ್ಚಿದ ಖಾಲಿ ಕ್ಯಾನು, ಯಾವುದಿದ್ದರೆ ಅದನ್ನು ಅವರತ್ತ ಎಸೆಯಿರಿ. ಮೇಲೆ ತಂದ ಮೇಲೆ ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆಯನ್ನೊತ್ತಿ ನೀರು ಕಕ್ಕಿಸುವುದು ಬೇಡ. ಅದರಿಂದ ಅಮೂಲ್ಯವಾದ ಕ್ಷಣಗಳು ವ್ಯರ್ಥವಾಗುತ್ತವೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಹಿಡಿದು ಬಾಯಿಯಿಂದ ಬಾಯಿಗೆ ಉಸಿರೂಡಿರಿ. ಅನಂತರ ಎದೆಯ ನಡುವೆ 30 ಸಲ ಬಲವಾಗಿ ಒತ್ತಿ, 2 ಸಲ ಉಸಿರು ಕೊಡಿರಿ. ಇದನ್ನು ನಿಲ್ಲಿಸದೆ ನಡೆಸುತ್ತ ಇನ್ನೊಬ್ಬರಿಂದ 108ಕ್ಕೆ ಕರೆಮಾಡಿಸಿರಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂದು ಗಾದೆಯುಂಟು. ಅದು ಕೃತಘ್ನರ ಮಾತೆಂದು ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ನಿಜವಾಗಿ ನೋಡಿದರೆ ಹಂಗು ಹೊಳೆ ದಾಟುವ ಮುನ್ನವೇ ಇರಬೇಕು. ಅವನು "ಇನ್ನು ಸಾಕು" ಎಂದಾಗ ಸಾಕೆನ್ನುವುದು, "ಇಂದು ಬೇಡ" ಎಂದಾಗ ಹಿಂದಿರುಗುವುದು, ಇದೇ ಅಂಬಿಗನಿಗೆ ನಾವು ತೋರಬಹುದಾದ ಗೌರವ. ಎರಡು ಸಲದ ಕೂಲಿಯನ್ನು ಉಳಿಸಹೋಗಿ ಮಕ್ಕಳನ್ನು ಪಣಕ್ಕಿಡಬಾರದು.

ನಮ್ಮ ನೆರೆಮನೆಯವರು ಮಳೆಗಾಲ ಕಳೆದ ಮೇಲೆ ಹೋಗುವುದೆಂದು ನಿಶ್ಚಯಿಸಿದ್ದಾರೆ. ನಮ್ಮನ್ನೂ ಜೊತೆಗೆ ಕರೆದಿದ್ದಾರೆ. ಹೋಗುವೆವು, ಕುಳಿತೇ ಇರುವೆವು.