ಹಸ್ತಾಕ್ಷರದ ವ್ಯಾಪಾರವೂ ನಮ್ಮ ಸಂಕೋಚವೂ

ಮಂಡಿಯಲ್ಲಿ ಬದನೆಕಾಯಿಯನ್ನು ತಿರುವಿ, ಒತ್ತಿ, ತೊಟ್ಟು ನೋಡಿ ಕೊಳ್ಳುವ ನಾವು, ಹಿರಿಯ ಕವಿಯೊಬ್ಬರ ಹಸ್ತಾಕ್ಷರವೆಂದು ಯಾರಾದರೂ ಕಾಗದವೊಂದನ್ನು ಮುಂದೆ ಹಿಡಿದರೆ ಪ್ರಶ್ನಿಸುವುದೇ ಅಪಚಾರವೆಂದು ಕೈಮುಗಿಯುತ್ತೇವೆ. ಪುಣೆಯ ಕನ್ನಡಿಗರಲ್ಲಿ ಈ ಭಕ್ತಿ ಸ್ವಲ್ಪ ಹೆಚ್ಚೇ. ಊರು ಬಿಟ್ಟವರಿಗೆ ಊರಿನ ಗುರುತು ಬೇಕು. ಗೋಡೆಯ ಮೇಲೆ ಬೇಂದ್ರೆಯವರ ಎರಡು ಸಾಲಿನ ಕಾಗದ ತೂಗಿದರೆ ಮನೆಯೊಳಗೆ ಸಾಧನಕೇರಿಯ ಗಾಳಿ ಸುಳಿದಂತೆ. ಈ ಹಸಿವನ್ನು ನಾವು ಹೀಗಳೆಯುವುದಿಲ್ಲ. ಆದರೆ ಈ ಹಸಿವನ್ನೇ ನಂಬಿ ಅಂಗಡಿ ತೆರೆದವರಿದ್ದಾರೆ. ಅವರ ಜಾಣತನಕ್ಕಿಂತ ನಮ್ಮ ಸಂಕೋಚವೇ ಆ ಅಂಗಡಿಯನ್ನು ನಡೆಸುತ್ತಿದೆಯೆಂಬುದು ನಮ್ಮ ಆಕ್ಷೇಪ.

ನಮ್ಮ ಓದುಗರ ಕೂಟದ ಹಿರಿಯರೊಬ್ಬರು, ಬೇಂದ್ರೆಯವರು 1955ರಲ್ಲಿ ಸೊಲ್ಲಾಪುರದಿಂದ ಬರೆದದ್ದೆನ್ನಲಾದ ಅಂಚೆ ಕಾರ್ಡೊಂದನ್ನು 12,000 ರೂಪಾಯಿ ಕೊಟ್ಟು ಕೊಂಡರು. ಕಾಲ ದೇಶಗಳಲ್ಲಿ ತಪ್ಪಿರಲಿಲ್ಲ. 1944ರಿಂದ 1956ರವರೆಗೆ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ತೇಗದ ಚೌಕಟ್ಟು, ಗಾಜು, ಹೊಳೆಯುವ ಮುದ್ರೆ ಅಂಟಿಸಿದ ಪ್ರಮಾಣಪತ್ರ ಎಲ್ಲವೂ ಜೊತೆಗೆ ಬಂದವು. ಎರಡು ಮಳೆಗಾಲ ಕಳೆದು ಗಾಜಿನೊಳಗೆ ಬೂಷ್ಟು ಹಿಡಿಯಿತೆಂದು ಚೌಕಟ್ಟನ್ನು ಬಿಚ್ಚಿಸಿದಾಗ, ಕಾರ್ಡಿನ ವಿಳಾಸದ ಮಗ್ಗುಲು ಮೊದಲ ಬಾರಿಗೆ ಅವರ ಕಣ್ಣಿಗೆ ಬಿತ್ತು. ಅಲ್ಲಿ ಪಿನ್ ಕೋಡ್ ಬರೆಯಲೆಂದು ಅಚ್ಚಾದ ಆರು ಚೌಕಗಳಿದ್ದವು. ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು.

ಮಾರಿದವನಿಗೆ ಫೋನು ಮಾಡಿದರೆ, "ಪ್ರಮಾಣಪತ್ರ ಕೊಟ್ಟಿದ್ದೇನಲ್ಲ ಸಾಹೇಬರೇ" ಎಂಬ ಒಂದೇ ಉತ್ತರ. ಆ ಪತ್ರಕ್ಕೆ ರುಜು ಹಾಕಿದವನೂ ಅವನೇ. ರಸೀದಿ ಇರಲಿಲ್ಲ, ಇವರು ಕೇಳಿರಲಿಲ್ಲ. "ಹೋಗ್ಲಿ ಬಿಡ್ರಿ, ನಾಲ್ಕು ಮಂದಿಗೆ ತಿಳಿದ್ರ ನಗ್ತಾರ" ಎಂದು ಹಿರಿಯರು ನಮ್ಮ ಬಾಯನ್ನೂ ಕಟ್ಟಲು ನೋಡಿದರು. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟು, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಪ್ರಮಾಣಪತ್ರವೆಂಬ ಈ ಹೊಸ ದೇವರ ಮಾತನ್ನು ಮೊದಲು ಮುಗಿಸೋಣ. ಸಹಿಯನ್ನು ನಕಲು ಮಾಡಬಲ್ಲವನಿಗೆ ಪ್ರಮಾಣಪತ್ರ ಅಚ್ಚು ಹಾಕಿಸುವುದು ಯಾವ ಕಷ್ಟ? ಅಮೆರಿಕದಲ್ಲಿ 1990ರ ದಶಕದಲ್ಲಿ ಎಫ್.ಬಿ.ಐ. 'ಆಪರೇಷನ್ ಬುಲ್‌ಪೆನ್' ಎಂಬ ಹೆಸರಿನಲ್ಲಿ ಖೋಟಾ ಹಸ್ತಾಕ್ಷರಗಳ ಜಾಲವೊಂದನ್ನು ಭೇದಿಸಿದಾಗ, ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಮಾಡಿದ್ದೆನ್ನಲಾದ ಬೇಸ್‌ಬಾಲ್ ಚೆಂಡುಗಳೂ ಇದ್ದವು. ಅಂಥ ಚೆಂಡಿಗೂ ಗಿರಾಕಿ ಉಂಟೆಂದು ಬಲ್ಲವನಿಗೆ ನಮ್ಮ ಹಿರಿಯರ ಅಂಚೆ ಕಾರ್ಡು ಯಾವ ಲೆಕ್ಕ! ಇನ್ನು ತಜ್ಞರು ತಾಳೆ ನೋಡಿದ್ದಾರೆಂಬ ಮಾತು. 1983ರಲ್ಲಿ ಜರ್ಮನಿಯ 'ಸ್ಟರ್ನ್' ಪತ್ರಿಕೆ ಹಿಟ್ಲರನ ದಿನಚರಿಗಳೆಂದು ಭಾರಿ ಹಣ ಕೊಟ್ಟು ಕೊಂಡ ಸಂಪುಟಗಳನ್ನು ಬರಹ ತಜ್ಞರು ಅಸಲಿಯೆಂದೇ ಹೇಳಿದ್ದರು. ತಾಳೆ ನೋಡಲು ಅವರಿಗೆ ಒದಗಿಸಿದ ಮಾದರಿಗಳಲ್ಲಿಯೂ ಖೋಟಾಗಾರ ಕೊನ್ರಾಡ್ ಕೂಜಾವನ ಕೈಬರಹವೇ ಸೇರಿಕೊಂಡಿತ್ತು. ವ್ಯಾಪಾರಿ ತನ್ನ ಮೊಬೈಲಿನಲ್ಲಿ ತೋರಿಸುವ 'ಇನ್ನೊಂದು ಸಹಿ'ಯೊಡನೆ ತಾಳೆ ನೋಡುವವರು ಇದನ್ನು ನೆನಪಿಡಬೇಕು. ಮಾದರಿ ಬೇಕಾದರೆ ಧಾರವಾಡದ ಬೇಂದ್ರೆ ಭವನಕ್ಕೋ ಕುಪ್ಪಳಿಯ ಕವಿಮನೆಗೋ ಹೋಗಿ ಬರಬೇಕು. (ಕವಿಶೈಲದ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹಸ್ತಾಕ್ಷರಗಳಿವೆ. ಅವನ್ನು ಮಾತ್ರ ಇದುವರೆಗೆ ಯಾರೂ ನಮಗೆ ಮಾರಲು ಬಂದಿಲ್ಲ.)

ಹಾಗಾದರೆ ಪುಣೆಯಲ್ಲಿ ಕನ್ನಡದ ಅಸಲಿ ಕಾಗದ ಸಿಗುವುದೇ ಇಲ್ಲವೇ? ಸಿಗುತ್ತದೆ. ಬೇಂದ್ರೆಯವರು ಓದಿದ, ಗೋಕಾಕರು ಪಾಠ ಹೇಳಿದ ಫರ್ಗ್ಯುಸನ್ ಕಾಲೇಜಿನ ಊರಿದು. ಭೀಮಸೇನ ಜೋಶಿಯವರು ಬದುಕಿದ ಊರು. ಪೇಠಗಳ ಹಳೆಯ ವಾಡೆಗಳನ್ನು ಕೆಡವುವಾಗ ಅಟ್ಟದ ಟ್ರಂಕುಗಳು ರದ್ದಿಯವನ ಗಾಡಿ ಏರುತ್ತವೆ. ಬುಧವಾರ, ಭಾನುವಾರ ಸೇರುವ ಜೂನಾ ಬಜಾರಿನ ಗೋಣಿತಟ್ಟಿನ ಮೇಲೆ ಹಿತ್ತಾಳೆ ಬೀಗ, ಕೆಟ್ಟ ಗಡಿಯಾರಗಳ ನಡುವೆ ಅವುಗಳಲ್ಲಿ ಕೆಲವು ಬಂದು ಬೀಳುತ್ತವೆ. ಮಾರುವವನಿಗೆ ಕನ್ನಡ ಓದಲು ಬಾರದು. ತನಗೆ ತೋಚಿದ ಐವತ್ತೋ ನೂರೋ ಹೇಳುತ್ತಾನೆ. ಅವನಿಂದ ಕೊಂಡದ್ದು ಜೊಳ್ಳಾದರೂ ಮೋಸವಲ್ಲ, ಏಕೆಂದರೆ ಅವನು ಏನನ್ನೂ ಸಾಧಿಸಹೊರಟಿರಲಿಲ್ಲ. ಅನುಮಾನಿಸಬೇಕಾದದ್ದು ಕನ್ನಡದ ಒಂದಕ್ಷರವನ್ನೂ ಅರಿಯದೆ ಕನ್ನಡದ ಸಹಿಯ ಬೆಲೆಯನ್ನು ಮಾತ್ರ ಕರಾರುವಾಕ್ಕಾಗಿ ಬಲ್ಲವನನ್ನು. ಅವನಿಗೆ ಅದನ್ನು ಹೇಳಿಕೊಟ್ಟವರಾರು? ಮಹಾರಾಷ್ಟ್ರದ ನಡುವೆ ಬೇಂದ್ರೆಯವರ ಕಾರ್ಡಿಗೆ 12,000 ಕೊಡುವವರು ನಮ್ಮಂಥ ಬೆರಳೆಣಿಕೆಯ ಮಂದಿ. ಆ ಸರಕು ತಯಾರಾದದ್ದೇ ನಮಗಾಗಿ.

ನಮ್ಮಲ್ಲಿ ಕೆಲವರು ಸರಕಾರಿ ಕಡತಗಳ ನಡುವೆಯೇ ತಲೆ ನರೆಸಿಕೊಂಡವರು. ಕಚೇರಿಯಲ್ಲಿ ಪುಟ್ಟ ಅರ್ಜಿಗೂ ಅದು ಬಂದ ದಿನ, ಬಂದ ದಾರಿ, ಕೈಬದಲಾದ ಕ್ರಮ ದಾಖಲಾಗಿರಬೇಕು. ಹಸ್ತಾಕ್ಷರದ ವ್ಯಾಪಾರಿಯನ್ನು ಅಳೆಯುವ ಕೋಲೂ ಅದೇ. ಈ ಕಾಗದ ನಿಮಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು? ಇದಕ್ಕೆ ಪ್ರಾಮಾಣಿಕ ವ್ಯಾಪಾರಿ ಎರಡರಲ್ಲೊಂದು ಉತ್ತರ ಕೊಡುತ್ತಾನೆ: ವಿಚಾರಿಸಿ ನೋಡಬಹುದಾದ ಒಂದು ಮನೆತನದ ಹೆಸರು, ಇಲ್ಲವೇ "ಗೊತ್ತಿಲ್ಲ". ಅಪ್ಪಾ ಬಳವಂತ ಚೌಕದ ಸಮೀಪದ ಹಳೆ ಪುಸ್ತಕದ ವ್ಯಾಪಾರಿಯೊಬ್ಬರು, ಮೊದಲ ಹಾಳೆಯಲ್ಲಿ ಸಹಿಯಿದ್ದ ಪುಸ್ತಕವನ್ನು ಕೈಗಿಡುತ್ತ, "ಇದು ಯಾರ ಸಹಿಯೋ ನಾನರಿಯೆ, ಪುಸ್ತಕದ ಬೆಲೆಯಷ್ಟೇ ಕೊಡಿ" ಎಂದು ನಮ್ಮೆದುರೇ ಹೇಳಿದ್ದುಂಟು. ಅಂಥವರ ಬಾಗಿಲಿಗೆ ನಾವು ಮತ್ತೆ ಮತ್ತೆ ಹೋಗುತ್ತೇವೆ. ಅಪ್ರಾಮಾಣಿಕನ ಬಳಿ ಇರುವುದು ಕಥೆ. ಹೆಸರು ಹೇಳಲಾಗದ ದೊಡ್ಡ ಮನೆತನ, ಆಸ್ಪತ್ರೆ ಖರ್ಚಿಗೆಂದು ಕಣ್ಣೀರಿಡುತ್ತ ಮಾರಿದ ಮೊಮ್ಮಗ, ನಾಳೆ ಮುಂಬಯಿಯಿಂದ ಬರಲಿರುವ ಇನ್ನೊಬ್ಬ ಗಿರಾಕಿ.

ರಸೀದಿಯಲ್ಲಿ 'ಹಳೆಯ ಕಾಗದ ಒಂದು' ಎಂದು ಬರೆದರೆ ಸಾಲದು. ಯಾರ ಹಸ್ತಾಕ್ಷರ, ಯಾವ ವರ್ಷದ್ದು ಎಂದು ಸ್ಪಷ್ಟವಾಗಿ ಬರೆದು, ಖೋಟಾ ಎಂದು ಎಂದೇ ಸಾಬೀತಾದರೂ ಪೂರ್ಣ ಹಣ ಹಿಂದಿರುಗಿಸುವುದಾಗಿ ವ್ಯಾಪಾರಿ ತನ್ನ ಹೆಸರು ವಿಳಾಸ ಸಮೇತ ರುಜು ಹಾಕಬೇಕು. ಕವಿಯ ರುಜು ಮಾರುವವನು ತನ್ನ ರುಜು ಹಾಕಲು ಹಿಂಜರಿದರೆ ಎದ್ದು ಬನ್ನಿ. ಚೌಕಟ್ಟು ಹಾಕಿದ್ದನ್ನು ಬಿಚ್ಚಿಸದೆ ಕೊಳ್ಳಬೇಡಿ. ಭೂತಗನ್ನಡಿಯಲ್ಲಿ ಸಹಿಯ ಗೆರೆ ಚುಕ್ಕಿ ಚುಕ್ಕಿಯಾಗಿ ಒಡೆದರೆ ಅದು ಅಚ್ಚು. ಹಳೆಯ ಪುಸ್ತಕದ ಖಾಲಿ ಹಾಳೆ ಕಿತ್ತು ಅದರ ಮೇಲೆ ಹೊಸದಾಗಿ ಬರೆಯುವುದು ಹಳೆಯ ತಂತ್ರ; ಮುಪ್ಪಾದ ಕಾಗದದಲ್ಲಿ ಹೊಸ ಶಾಯಿ ಅಂಚು ಮೀರಿ ಹರಡುತ್ತದೆ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಬೆಳ್ಳಗೆ ನೀಲಿಯಾಗಿ ಹೊಳೆಯುವ ಕಾಗದ 1930ರದಾಗಿರಲಾರದು, ಏಕೆಂದರೆ ಆ ಹೊಳಪಿನ ರಾಸಾಯನಿಕ ಕಾಗದಕ್ಕೆ ಬೆರೆತದ್ದು ಆಮೇಲೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ.ಯವರ ಸಹಿ ಬಾಲ್ ಪೆನ್ನಿನದಾದರೆ ನಕ್ಕು ಹಿಂದಿರುಗಿಸಬಹುದು.

ಸಹಿ ಅಸಲಿಯಾಗಿದ್ದೂ ವ್ಯಾಪಾರಿ ಕಳ್ಳನಾಗಿರಬಹುದು. ಗ್ರಂಥಾಲಯದ ಮೊಹರನ್ನು ಕೆರೆದು ತೆಗೆದ ಪುಸ್ತಕ ಕಳವಿನ ಮಾಲು. ಅದನ್ನು ಕೊಂಡು ನಮ್ಮ ಕಪಾಟಿನಲ್ಲಿಟ್ಟರೆ ನಾವೂ ಪಾಲುದಾರರೇ. ಇನ್ನು ಕಾಯಿದೆ. ಸಾಹಿತ್ಯಿಕ ಅಥವಾ ಚಾರಿತ್ರಿಕ ಮೌಲ್ಯವುಳ್ಳ, 75 ವರ್ಷ ತುಂಬಿದ ಹಸ್ತಪ್ರತಿ, ದಾಖಲೆಗಳನ್ನು 1972ರ ಕಾಯಿದೆ ಪುರಾತನ ವಸ್ತುಗಳಲ್ಲಿ ಎಣಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಾಚೆ ಕಳುಹಿಸುವಂತಿಲ್ಲ. ಅಮೆರಿಕದ ಮಗನಿಗೆ 1940ರ ಪತ್ರವನ್ನು ಕೊರಿಯರ್ ಮಾಡಿಕೊಡುತ್ತೇನೆನ್ನುವ ವ್ಯಾಪಾರಿ ಉಪಕಾರ ಮಾಡುತ್ತಿಲ್ಲ.

ಈ ಹವ್ಯಾಸವೇ ವ್ಯರ್ಥವೆನ್ನುವವರೂ ಉಂಟು. ಗಿರೀಶ ಕಾರ್ನಾಡರು ಹದಿಹರೆಯದಲ್ಲಿ ಹೆಸರಾಂತ ಲೇಖಕರ ಚಿತ್ರ ಬರೆದು ಸಹಿಗೆಂದು ಕಳುಹಿಸುತ್ತಿದ್ದರು. ಐರಿಷ್ ನಾಟಕಕಾರ ಶಾನ್ ಓಕೇಸಿ, ಇದರಲ್ಲಿ ಹೊತ್ತು ಕಳೆಯುವ ಬದಲು ಜನ ನಿನ್ನ ಸಹಿ ಕೇಳುವಂಥದ್ದೇನಾದರೂ ಮಾಡು ಎಂಬರ್ಥದಲ್ಲಿ ಉತ್ತರಿಸಿದನಂತೆ. ಕಾರ್ನಾಡರಿಗೆ ಆ ಉಪದೇಶ ಒಗ್ಗಿತು. ಎಲ್ಲರೂ 'ತುಘಲಕ್' ಬರೆಯಲಾರರು. ಓದಿದ ಕವಿಯ ಕೈಬರಹವೊಂದು ಮನೆಯಲ್ಲಿರಲಿ ಎಂಬ ಆಸೆಯನ್ನು ತಪ್ಪೆನ್ನಲಾರೆವು.

ನಮ್ಮ ಹಿರಿಯರು ಹಣ ಕೊಟ್ಟದ್ದು ಯು.ಪಿ.ಐ. ಮೂಲಕ, ಅದರ ದಾಖಲೆ ಬ್ಯಾಂಕಿನಲ್ಲಿದೆ. ಮೊಬೈಲಿನಲ್ಲಿ ಮಾರಿದವನ ಸಂದೇಶಗಳಿವೆ, ಆರು ಚೌಕಗಳ ಕಾರ್ಡಿದೆ. ಗ್ರಾಹಕ ಆಯೋಗಕ್ಕೆ ಸಲ್ಲಿಸಬೇಕಾದ ದೂರನ್ನು ನಾವೇ ಕೂತು ಬರೆದು, ಬೆರಳಚ್ಚು ಮಾಡಿಸಿ, ಅವರ ಮೇಜಿನ ಮೇಲಿಟ್ಟು ಬಂದು ಮೂರು ವಾರವಾಯಿತು. ಅವರಿನ್ನೂ ಅದಕ್ಕೆ ಸಹಿ ಹಾಕಿಲ್ಲ.